2 ಎಚ್‌ಪಿ ಡಸ್ಟ್ ಕಲೆಕ್ಟರ್ ಕಿಟ್ ಜೋಡಿಸಲು ಎಷ್ಟು ಹೊತ್ತು ಬೇಕು?

ಡಸ್ಟ್ ಕಲೆಕ್ಟರ್ ಎಂದರೆ ಮರಗೆಲಸದ ಯಂತ್ರಗಳ ದೂಳನ್ನು ಎಳೆದು ಚೀಲಕ್ಕೆ ತುಂಬುವ ಯಂತ್ರ. ಮೇಲೊಂದು ಬಟ್ಟೆ ಚೀಲ, ಕೆಳಗೊಂದು ಪ್ಲಾಸ್ಟಿಕ್ ಚೀಲ, ಹೋಸ್ ಸಿಕ್ಕಿಸಲು 4 ಇಂಚಿನ ಎರಡು ಬಾಯಿ ಇರುವ ಸಾಮಾನ್ಯ 2 ಎಚ್‌ಪಿ ಡಸ್ಟ್ ಕಲೆಕ್ಟರ್‌ಗೆ ಒಬ್ಬರೇ ಕೂತರೆ ಎರಡೂವರೆ ಗಂಟೆ ಇಟ್ಟುಕೊಳ್ಳಿ. ಇಬ್ಬರಿದ್ದರೆ ಒಂದೂವರೆ ಗಂಟೆ ಸಾಕು. ಸೈಕ್ಲೋನ್ (ಗಾಳಿಯನ್ನು ಸುಳಿಯಂತೆ ತಿರುಗಿಸಿ ದೂಳು ಬೇರ್ಪಡಿಸುವ) ಕಿಟ್ ಆದರೆ ಇಡೀ ದಿನ ಬೇಕು, ಸಂದು ಮುಚ್ಚುವ ಸಿಲಿಕೋನ್ ಗಟ್ಟಿಯಾಗಲು ಮತ್ತೆ 24 ಗಂಟೆ. ಯಂತ್ರಗಳಿಗೆ ಪೈಪ್ ಎಳೆಯುವ ಕೆಲಸ ಈ ಲೆಕ್ಕದಲ್ಲಿಲ್ಲ.

ಮೊದಲ ಇಪ್ಪತ್ತು ನಿಮಿಷ ಬೋಲ್ಟ್ ಬೇರ್ಪಡಿಸಲು ಕೊಡಿ. ಎಂ6, ಎಂ8 (6 ಮತ್ತು 8 ಮಿಲಿಮೀಟರ್ ದಪ್ಪದವು) ಎಲ್ಲವೂ ಒಂದೇ ಪೊಟ್ಟಣದಲ್ಲಿ ಬಂದಿರುತ್ತವೆ. 10 ಮತ್ತು 13 ಮಿಲಿಮೀಟರ್ ಸ್ಪ್ಯಾನರ್ ಕೈಗೆ ಸಿಗುವಂತಿರಲಿ. ತಳದ ಹಲಗೆಯನ್ನು ಮಗುಚಿ ನಾಲ್ಕು ಚಕ್ರ ಕೂರಿಸಿ, ನೆಟ್ಟಗೆ ತಿರುಗಿಸಿ, ಮೋಟಾರ್ ಮತ್ತು ಬ್ಲೋವರ್ (ಗಾಳಿ ಎಳೆಯುವ ಫ್ಯಾನ್) ಇರುವ ಭಾಗವನ್ನು ಅದರ ಮೇಲಿಡಿ. ಉಳಿದ ಕೆಲಸ ಒಬ್ಬರೇ ಮಾಡುತ್ತಿದ್ದರೂ ಇದನ್ನು ಒಬ್ಬರೇ ಎತ್ತಬೇಡಿ, ಯಾರನ್ನಾದರೂ ಕರೆಯಿರಿ. ಎತ್ತುವ ಮೊದಲು ಚಕ್ರಗಳ ಲಾಕ್ ಹಾಕಿ.

ಹೆಚ್ಚಿನವರು ಹೊತ್ತು ಕಳೆದುಕೊಳ್ಳುವುದು ಚೀಲ ಹಿಡಿಯುವ ದೊಡ್ಡ ಉಂಗುರದಲ್ಲಿ. ಅದನ್ನು ಹೊರುವ ಕಾಲುಗಳಲ್ಲಿ ಮೊದಲನೆಯದನ್ನು ಬಿಗಿಮಾಡಿಬಿಟ್ಟರೆ ಕೊನೆಯ ಕಾಲಿನ ತೂತು ಎರಡು ಮೂರು ಮಿಲಿಮೀಟರ್ ಆಚೀಚೆ ಆಗುತ್ತದೆ, ಎಲ್ಲ ಬಿಚ್ಚಬೇಕಾಗುತ್ತದೆ. ಹಾಗಾಗಿ ಎಲ್ಲ ಬೋಲ್ಟ್‌ಗಳನ್ನು ಕೈಯಲ್ಲೇ ಸಡಿಲವಾಗಿ ಹಾಕಿ, ಉಂಗುರ ಮಟ್ಟವಾಗಿದೆಯೇ ನೋಡಿ, ಆಮೇಲೆ ಎದುರುಬದುರಾಗಿ ಬಿಗಿಮಾಡಿ.

ಫೋಮ್ ಗ್ಯಾಸ್ಕೆಟ್ (ಗಾಳಿ ಸೋರದಂತೆ ಅಂಟಿಸುವ ಮೆತ್ತನೆ ಪಟ್ಟಿ) ವಿಷಯದಲ್ಲಿ ಅವಸರ ಬೇಡವೇ ಬೇಡ. ಪಟ್ಟಿಯನ್ನು ಎಳೆದು ಅಂಟಿಸಿದರೆ ಕೆಲವೇ ದಿನಗಳಲ್ಲಿ ಕುಗ್ಗಿ ಕೊನೆಯಲ್ಲಿ ಸಂದು ಬೀಳುತ್ತದೆ. ಎಳೆಯದೆ ಅಂಟಿಸಿ, ತುದಿಗಳನ್ನು ಓರೆಯಾಗಿ ಕತ್ತರಿಸಿ ಕೂಡಿಸಿ. ಈ ಮಾದರಿಯಲ್ಲಿ ಚೀಲಗಳಿರುವುದು ಗಾಳಿ ಒತ್ತುವ ಕಡೆ. ಸಂದಿದ್ದರೆ ಹೊರಬರುವುದು ಶ್ವಾಸಕೋಶಕ್ಕೆ ಇಳಿಯುವ ನುಣ್ಣನೆ ದೂಳೇ. ಮರದ ದೂಳು ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಯಲ್ಲಿದೆ, ಹದಿನೈದು ನಿಮಿಷ ಇಲ್ಲಿ ಹೆಚ್ಚಾದರೂ ಪರವಾಗಿಲ್ಲ.

ಕೆಳಗಿನ ಚೀಲ ಹಾಕಲೂ ಸ್ವಲ್ಪ ಹೊತ್ತು ಎರಡನೇ ಜೋಡಿ ಕೈ ಬೇಕು. ಹೆಚ್ಚಾದ ಪ್ಲಾಸ್ಟಿಕ್ಕನ್ನು ಒಂದೇ ಕಡೆ ಮಡಚಿದರೆ ಆ ಮಡಿಕೆಯಲ್ಲೇ ಗಾಳಿ ಸೋರುತ್ತದೆ. ಸುತ್ತಲೂ ಸಣ್ಣ ಸಣ್ಣ ನೆರಿಗೆಯಾಗಿ ಹಂಚಿ, ಚೀಲ ಬಿಗಿಯುವ ಬೆಲ್ಟನ್ನು ಉಂಗುರದ ಉಬ್ಬಿನ ಆಚೆಗೆ ಕೂರಿಸಿ. ಉಬ್ಬಿನ ಮೇಲೇ ನಿಂತರೆ ಸ್ವಿಚ್ ಹಾಕಿದ ಕೂಡಲೇ ಚೀಲ ಕಳಚಿ ಬೀಳುತ್ತದೆ.

ವಿದ್ಯುತ್ತಿಗೆ ಅರ್ಧ ಗಂಟೆ. 230 ವೋಲ್ಟ್‌ನಲ್ಲಿ 2 ಎಚ್‌ಪಿ ಮೋಟಾರ್ ಸುಮಾರು 9ರಿಂದ 10 ಆಂಪಿಯರ್ ಎಳೆಯುತ್ತದೆ, ಶುರುವಾಗುವ ಕ್ಷಣದಲ್ಲಿ ಅದರ ಹಲವು ಪಟ್ಟು. 16 ಆಂಪಿಯರ್ ಸಾಕೆಟ್, 2.5 ಚದರ ಮಿಲಿಮೀಟರ್ ತಂತಿ, ಸರಿಯಾದ ಅರ್ತಿಂಗ್ ಬೇಕು. ತೆಳು ಎಕ್ಸ್‌ಟೆನ್ಷನ್ ಹಾಕಿದರೆ ವೋಲ್ಟೇಜ್ ಕುಸಿದು ಮೋಟಾರ್ ಬಿಸಿಯಾಗುತ್ತದೆ. ಮೂರು ಫೇಸ್ ಮೋಟಾರ್ ಆದರೆ ಒಂದು ಸೆಕೆಂಡ್ ಸ್ವಿಚ್ ಹಾಕಿ ತೆಗೆದು, ತಿರುಗುವ ದಿಕ್ಕು ಬಾಣದ ಗುರುತಿಗೆ ಹೊಂದುತ್ತದೆಯೇ ನೋಡಿ. ಉಲ್ಟಾ ತಿರುಗಿದರೂ ಅದು ಗಾಳಿ ಎಳೆಯುತ್ತದೆ, ಆದರೆ ಬಹಳ ಕಡಿಮೆ. ಹಾಗಾಗಿ ಯಂತ್ರವೇ ಸರಿಯಿಲ್ಲ ಎಂದುಕೊಂಡು ತಿಂಗಳುಗಟ್ಟಲೆ ಬಳಸುವವರಿದ್ದಾರೆ. ಯಾವುದಾದರೂ ಎರಡು ಫೇಸ್ ಅದಲುಬದಲು ಮಾಡಿದರೆ ಸರಿಹೋಗುತ್ತದೆ.

ಮೊದಲ ಓಟದಲ್ಲಿ ಹೋಸ್ ಹಾಕದೆ ಎರಡೂ ಬಾಯಿ ತೆರೆದಿಡಬೇಡಿ. ಗಾಳಿ ಹೆಚ್ಚು ಹರಿದಷ್ಟೂ ಮೋಟಾರ್ ಮೇಲೆ ಹೊರೆ ಹೆಚ್ಚು, ಓವರ್‌ಲೋಡ್ ಸ್ವಿಚ್ ಬಿದ್ದು ಮೋಟಾರ್ ನಿಲ್ಲಬಹುದು. ಒಂದು ಬಾಯಿ ಮುಚ್ಚಿ. ಹೊಸ ಬಟ್ಟೆ ಚೀಲದಿಂದ ಮೊದಮೊದಲು ಸ್ವಲ್ಪ ದೂಳು ಹೊರಬರುವುದು ಸಹಜ, ಒಳಗೆ ದೂಳಿನ ಪದರ ಕಟ್ಟಿಕೊಂಡ ಮೇಲೆ ನಿಲ್ಲುತ್ತದೆ. ಬೆಲ್ಟಿನ ಸುತ್ತ ಬಂದರೆ ಮಾತ್ರ ಬಿಚ್ಚಿ ಮತ್ತೆ ಕಟ್ಟಿ.

ಕಿಟ್ ತರಿಸುವಾಗಲೇ ಪೈಪಿನ ಅಳತೆ ನೋಡಿಕೊಳ್ಳಿ. 4 ಇಂಚಿನ ಹೋಸಿನ ಒಳವ್ಯಾಸ ಸುಮಾರು 102 ಮಿಲಿಮೀಟರ್, ಅಂಗಡಿಯಲ್ಲಿ ಸಿಗುವ ಪಿವಿಸಿ ಪೈಪಿನ ಹೊರವ್ಯಾಸ 110. ಹೋಸ್ ಅದರ ಮೇಲೆ ಏರುವುದಿಲ್ಲ. ಅಡಾಪ್ಟರ್ ಮೊದಲೇ ತಂದಿಟ್ಟುಕೊಳ್ಳದಿದ್ದರೆ ಜೋಡಿಸಿದ ಯಂತ್ರ ಅವತ್ತು ಸುಮ್ಮನೆ ನಿಂತಿರುತ್ತದೆ.