ಮರಿಗಿಂತ ಮೊದಲು ತಾಯಿಯನ್ನು ನೋಡಿದ್ದು

ಪುಣೆಯ ಕೊಥ್ರೂಡ್‌ನಲ್ಲಿ ನಾವು ನೆಲೆಸಿ 16 ವರ್ಷಗಳಾದವು. ಮಕ್ಕಳ ಹಟಕ್ಕೆ ಮಣಿದು ಮೊದಲ ಲ್ಯಾಬ್ರಡಾರ್ ನಾಯಿಮರಿಯನ್ನು ತಂದಾಗ ಮಾಡಿದ ತಪ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಮೊಬೈಲಿಗೆ ಬಂದ ಫೋಟೋ ನೋಡಿ ಮುಂಗಡ ಕಳುಹಿಸಿದೆ. ಮಾರುವವನು ಹೇಳಿದಂತೆ ಸ್ವಾರ್‌ಗೇಟ್ ಬಸ್ ನಿಲ್ದಾಣದ ಹೊರಗೆ ನಿಂತು, ರಟ್ಟಿನ ಪೆಟ್ಟಿಗೆಯಲ್ಲಿದ್ದ ಮರಿಯನ್ನು ಎತ್ತಿಕೊಂಡು ಬಂದೆ. ಎರಡು ತಿಂಗಳ ಮರಿ ಎಂದಿದ್ದ. ಹಾಲುಹಲ್ಲು ನೋಡಿದ ಪಶುವೈದ್ಯರು ಐದು ವಾರಕ್ಕಿಂತ ಹೆಚ್ಚಿರಲಾರದು ಎಂದರು. ನಾಲ್ಕನೆಯ ದಿನ ವಾಂತಿ ಮತ್ತು ರಕ್ತಭೇದಿ ಶುರುವಾಗಿ, ಏಳನೆಯ ದಿನ ಅದು ತೀರಿಹೋಯಿತು. ನಾಯಿಮರಿಗಳ ಕರುಳಿಗೆ ಮಾರಕವಾದ ಪಾರ್ವೊ ವೈರಾಣು ಮೈಯೊಳಗೆ ಹೊಕ್ಕ ಮೇಲೆ ರೋಗ ತಲೆದೋರಲು ಸಾಮಾನ್ಯವಾಗಿ 3ರಿಂದ 7 ದಿನ ಹಿಡಿಯುವುದರಿಂದ, ಹುಟ್ಟಿದ ಜಾಗದಲ್ಲೋ ದಾರಿಯಲ್ಲೋ ಅದು ಅಂಟಿರಬೇಕೆಂದು ವೈದ್ಯರು ಹೇಳಿದರು. ಮಾರಿದವನು ಆಮೇಲೆ ಫೋನ್ ಎತ್ತಲಿಲ್ಲ.

ಆಗ ಊರಿನಿಂದ ಬಂದಿದ್ದ ಅವ್ವ ಒಂದು ಮಾತು ಕೇಳಿದಳು: "ಆಕಳಾ ತರೂಮುಂದ ಅದರ ತಾಯಿ ಎಷ್ಟು ಹಿಂಡತಿತ್ತು ಅಂತ ಕೇಳ್ತೀವಿ. ನೀ ಈ ಮರಿ ತರೂಮುಂದ ಏನ್ ಕೇಳಿದ್ಯೋ?" ನನ್ನಲ್ಲಿ ಉತ್ತರವಿರಲಿಲ್ಲ.

ಪಾರ್ವೊ ವೈರಾಣು ನೆಲದಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ, ನಾವು ದಿನವೂ ಸುರಿಯುವ ಫಿನಾಯಿಲ್‌ಗೆ ಸಾಯುವುದಿಲ್ಲ. ಪಶುವೈದ್ಯರ ಸಲಹೆಯಂತೆ ಬ್ಲೀಚ್ ಬೆರೆಸಿದ ನೀರಿನಿಂದ ಮನೆಯನ್ನೆಲ್ಲ ತೊಳೆದು, ಮರಿಯ ಹಾಸಿಗೆ, ತಟ್ಟೆಗಳನ್ನು ಎಸೆದು, ಒಂದು ವರ್ಷ ಸುಮ್ಮನಿದ್ದೆವು. ಈ ನಡುವೆ ಮುಧೋಳ ನಾಯಿಯ ವಿಚಾರವೂ ಬಂತು. ನಮ್ಮದು ಜಮಖಂಡಿ ಕಡೆಯ ಮನೆತನ. ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯದವರೇ ಆ ತಳಿಗಾಗಿ ಕೇಂದ್ರ ನಡೆಸುತ್ತಾರೆ. ಆದರೆ ಬಯಲಿನಲ್ಲಿ ಮೊಲದ ಬೆನ್ನಟ್ಟಲೆಂದು ಬೆಳೆಸಿದ ನಾಯಿಯನ್ನು ಮೂರನೆಯ ಮಹಡಿಯ ಎರಡು ಕೋಣೆಗಳ ಫ್ಲ್ಯಾಟಿನಲ್ಲಿ ಕಟ್ಟಿಹಾಕುವುದಕ್ಕೆ ಮನಸ್ಸು ಒಪ್ಪಲಿಲ್ಲ.

ಈ ಸಲ ಜಾಹೀರಾತು ನೋಡದೆ ಪಶುವೈದ್ಯರನ್ನೇ ವಿಚಾರಿಸಿದೆ, ಏಕೆಂದರೆ ಯಾರ ಮನೆಯ ಮರಿಗಳು ಎಂಥ ಕಾಯಿಲೆ ಹೊತ್ತು ಬರುತ್ತವೆಂಬುದು ಅವರಿಗಿಂತ ಚೆನ್ನಾಗಿ ಬೇರಾರಿಗೂ ತಿಳಿದಿರುವುದಿಲ್ಲ. ಹೀಗೆ ನಾಯಿ ತಳಿ ಬೆಳೆಸಿ ಮಾರುವ ಮೂವರು ಬ್ರೀಡರ್‌ಗಳಲ್ಲಿಗೆ ಹೋದೆ. ಮೊದಲನೆಯವನ ಬಳಿ ಏಳೆಂಟು ತಳಿಗಳ ಮರಿಗಳು ಏಕಕಾಲಕ್ಕೆ ಸಿದ್ಧವಿದ್ದವು. ಅಂಗಡಿಯಲ್ಲಿ ಬಣ್ಣದ ಸೀರೆ ಬಿಚ್ಚಿ ತೋರಿಸುವಂತೆ ತೋರಿಸಿದ. ಎರಡನೆಯವರು ಕೆನಲ್ ಕ್ಲಬ್ ಆಫ್ ಇಂಡಿಯಾದ ಪ್ರಮಾಣಪತ್ರಗಳನ್ನು ಮುಂದಿಟ್ಟರು, ತಾಯಿಯನ್ನು ಮಾತ್ರ ತೋರಿಸಲಿಲ್ಲ. ಆ ಪತ್ರ ವಂಶಾವಳಿಯನ್ನು ಹೇಳುತ್ತದೆಯೇ ಹೊರತು ಆರೋಗ್ಯವನ್ನಲ್ಲ ಎಂಬುದು ಆ ಹೊತ್ತಿಗೆ ನನಗೆ ಗೊತ್ತಾಗಿತ್ತು.

ಮೂರನೆಯವರು ಸಾಸವಡದ ಕಡೆ ಇರುವ ನಿವೃತ್ತ ಶಿಕ್ಷಕಿ. ಅವರಲ್ಲಿ ಮಾರಲು ಮರಿಯೇ ಇರಲಿಲ್ಲ, ನಾಲ್ಕು ತಿಂಗಳು ಕಾಯಬೇಕಿತ್ತು. ನಾನು ಪ್ರಶ್ನೆ ಕೇಳಲು ಹೋದವನು, ಮೊದಲ ಅರ್ಧ ಗಂಟೆ ಉತ್ತರ ಹೇಳುವುದರಲ್ಲೇ ಕಳೆದೆ: ಹಗಲು ಮನೆಯಲ್ಲಿ ಯಾರಿರುತ್ತಾರೆ, ಕಿರಿಯ ಮಗುವಿಗೆ ಎಷ್ಟು ವಯಸ್ಸು, ದೀಪಾವಳಿಗೆ ಊರಿಗೆ ಹೋದರೆ ನಾಯಿ ಎಲ್ಲಿರುತ್ತದೆ. ಆಮೇಲೆ ತಾಯಿ ನಾಯಿ ತಾನಾಗಿಯೇ ಬಂದು ನನ್ನ ಚಪ್ಪಲಿ ಮೂಸಿ ಕಾಲ ಬಳಿ ಮಲಗಿತು. ಹೊಸಬರನ್ನು ಕಂಡು ಮೂಲೆ ಸೇರುವ ಇಲ್ಲವೇ ಹಲ್ಲು ಕಿರಿಯುವ ತಾಯಿಯ ಗುಣ ಮರಿಗಳಿಗೂ ಬರುವ ಸಂಭವವಿರುವುದರಿಂದ, ಎಷ್ಟೇ ಕಾಗದಗಳಿಗಿಂತ ಈ ಐದು ನಿಮಿಷದ ನೋಟವೇ ಹೆಚ್ಚೆಂದು ನನ್ನ ಅಭಿಪ್ರಾಯ.

ಕಾಗದಗಳನ್ನೂ ಬಿಡಲಿಲ್ಲ. ನಾಯಿ ತಳಿ ಬೆಳೆಸುವವರಿಗಾಗಿ ಕೇಂದ್ರ ಸರ್ಕಾರ 2017ರಲ್ಲಿ ತಂದ ನಿಯಮಗಳ ಪ್ರಕಾರ ಬ್ರೀಡರ್ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕು, 8 ವಾರ ತುಂಬದ ಮರಿಯನ್ನು ಮಾರಬಾರದು, ಹೆಣ್ಣುನಾಯಿಗೆ 18 ತಿಂಗಳಾಗುವ ಮೊದಲು ಗಂಡು ಕೂಡಿಸಬಾರದು, ಅದರ ಜೀವಮಾನದಲ್ಲಿ 5 ಸೂಲುಗಳನ್ನು ಮೀರಬಾರದು. ನೋಂದಣಿ ಪತ್ರವನ್ನು ಕೇಳಿದಾಗ ಅವರು ಬೇಸರಿಸದೆ ಒಳಗಿನಿಂದ ತಂದರು. ಅಲ್ಲದೆ ತಂದೆ, ತಾಯಿ ಎರಡರ ಸೊಂಟದ ಕೀಲಿನ ಎಕ್ಸ್‌ರೇಯನ್ನೂ ತೋರಿಸಿದರು. ಲ್ಯಾಬ್ರಡಾರ್‌ಗಳಲ್ಲಿ ಈ ಕೀಲು ಸಡಿಲವಾಗಿ ನಡುವಯಸ್ಸಿಗೇ ಕುಂಟುವ ದೋಷ ವಂಶದಲ್ಲಿ ಇಳಿದುಬರುತ್ತದೆ. ಎರಡು ವರ್ಷ ತುಂಬಿದ ಮೇಲೆ ತೆಗೆದ ಎಕ್ಸ್‌ರೇಯನ್ನಷ್ಟೇ ನಂಬಬೇಕೆಂದು ಅವರೇ ಹೇಳಿದರು.

ಮರಿಗಳು ಹುಟ್ಟಿದ ನಂತರ ಎರಡು ಬಾರಿ ಹೋಗಿ ಬಂದೆವು. ನನ್ನ ಹೆಂಡತಿಗೆ ತುಂಟ ಗಂಡುಮರಿಯೊಂದು ಹಿಡಿಸಿತ್ತು. ಆಯಮ್ಮ ಒಪ್ಪದೆ, ಚಿಕ್ಕ ಮಕ್ಕಳ ಮನೆಗೆ ಇದೇ ಸರಿ ಎಂದು ನಿಧಾನ ಸ್ವಭಾವದ ಹೆಣ್ಣುಮರಿಯನ್ನು ಆರಿಸಿಕೊಟ್ಟರು. ಒಂಬತ್ತನೆಯ ವಾರ ಮನೆಗೆ ತಂದಾಗ ಮೊದಲ ಲಸಿಕೆ ಹಾಗೂ ಜಂತುಹುಳುವಿನ ಔಷಧದ ದಾಖಲೆ ಕೈಯಲ್ಲಿತ್ತು, ಮರಿಯ ಚರ್ಮದಡಿ ಕೂರಿಸಿದ ಮೈಕ್ರೋಚಿಪ್‌ನ 15 ಅಂಕಿಗಳನ್ನು ನಮ್ಮ ವೈದ್ಯರು ಸ್ಕ್ಯಾನರ್ ಹಿಡಿದು ಪತ್ರದೊಂದಿಗೆ ತಾಳೆ ನೋಡಿದರು. ಸಾಕಲಾಗದಿದ್ದರೆ ಬೇರೆಯವರಿಗೆ ಕೊಡದೆ ಯಾವ ವಯಸ್ಸಿನಲ್ಲಾದರೂ ತಮಗೇ ಮರಳಿಸಬೇಕೆಂದು ಬರೆಸಿಕೊಂಡರು. ಬೆಲೆ ಸ್ವಾರ್‌ಗೇಟಿನ ಮರಿಯ ಮೂರು ಪಟ್ಟಾಯಿತು.

ಕಾವೇರಿ ಎಂದು ಹೆಸರಿಟ್ಟ ಆ ಮರಿಗೆ ಕಳೆದ ತಿಂಗಳು ಎರಡು ವರ್ಷ ತುಂಬಿತು. ಆ ಶಿಕ್ಷಕಿಯೇ ಫೋನ್ ಮಾಡಿ ಎಕ್ಸ್‌ರೇ ತೆಗೆಸಿ ಕಳುಹಿಸಿ ಎಂದರು. ಮರಿಗಳ ಸೊಂಟ ನೋಡಿದ ಮೇಲೆಯೇ ತಾಯಿಗೆ ಇನ್ನೊಂದು ಸೂಲು ಬೇಕೇ ಬೇಡವೇ ಎಂದು ತೀರ್ಮಾನಿಸುವರಂತೆ. ಆರು ಮರಿಗಳಲ್ಲಿ ನಮ್ಮದು ನಾಲ್ಕನೆಯ ಎಕ್ಸ್‌ರೇ, ಇನ್ನೆರಡಕ್ಕೆ ಕಾಯುತ್ತಿದ್ದಾರೆ.