ಡಯಾಲಿಸಿಸ್ ಬೆಡ್ ಮೇಲೇ ಪೆಡಲ್: ಕಲಬುರಗಿಯಲ್ಲಿ ನಾವು ಮಾಡಿದ್ದು

ಡಯಾಲಿಸಿಸ್ ನಡೆಯುವಾಗಲೇ ಪೇಷಂಟ್ ಕೈಲಿ ಪೆಡಲ್ ತುಳಿಸೋಣ ಅಂದಾಗ ನಮ್ಮ ಯೂನಿಟ್‌ನಲ್ಲಿ ಯಾರೂ ಒಪ್ಪಲಿಲ್ಲ. ಸೂಜಿ ಕಿತ್ತು ಬಂದರೆ ಯಾರು ಹೊಣೆ? ಬಿಪಿ ಬಿದ್ದರೆ? ಲೈನ್ ಮಡಚಿಕೊಂಡರೆ? ಈಗ ಬೆಳಗಿನ ಶಿಫ್ಟ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ತುಳಿಯುತ್ತಾರೆ. ವರ್ಷದ ಮೇಲಾಯಿತು, ತುಳಿಯುವಾಗ ಒಂದು ಸೂಜಿಯೂ ಜಾರಿಲ್ಲ. ಬೇರೆ ಯೂನಿಟ್‌ನ ಟೆಕ್ನಿಷಿಯನ್‌ಗಳಿಗೂ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ನಮ್ಮಲ್ಲಿಗೆ ಬರುವವರು ಆಳಂದ, ಅಫಜಲಪುರ, ಜೇವರ್ಗಿ, ಚಿತ್ತಾಪುರ ಕಡೆಯವರು. ಹೊಲದಲ್ಲಿ ದುಡಿದು ಗಟ್ಟಿಯಾದ ಕಾಲುಗಳು. ಡಯಾಲಿಸಿಸ್ ಶುರುವಾದ ಕೆಲವೇ ತಿಂಗಳಲ್ಲಿ ತೊಡೆ ಸೊರಗಿಬಿಡುತ್ತದೆ. ವಾರಕ್ಕೆ ಎರಡು ಮೂರು ದಿನ ನಾಲ್ಕು ತಾಸು ಇಲ್ಲಿ ಮಲಗುತ್ತಾರೆ, ಉಳಿದ ದಿನ ಸುಸ್ತು ಅಂತ ಮನೇಲಿ ಮಲಗುತ್ತಾರೆ. ಬಸ್ಸಿನ ಮೆಟ್ಟಿಲು ಹತ್ತೋಕೂ ಮಗನ ಹೆಗಲು ಬೇಕು. ಔಷಧಿಗೆ ಕೊಟ್ಟ ಗಮನವನ್ನ ನಾವು ಕಾಲಿಗೆ ಕೊಡೋದೇ ಇಲ್ಲ, ಅಲ್ವಾ?

ಮೊದಲು ಆನ್‌ಲೈನ್‌ನಲ್ಲಿ ಸಿಗುವ ಸಣ್ಣ ಪೆಡಲ್ ಸೆಟ್ ತರಿಸಿದೆ. ಸುಮಾರು 1,800 ರೂಪಾಯಿ, ನನ್ನ ಜೇಬಿನದ್ದೇ. ಬೆಡ್ ಮೇಲಿಟ್ಟರೆ ರೆಕ್ಸಿನ್ ಮೇಲೆ ಜಾರಿಕೊಂಡು ಹೋಗುತ್ತಿತ್ತು. ಹಗ್ಗ ಕಟ್ಟಿದೆ, ಬೆಲ್ಟ್ ಬಿಗಿದೆ. ಆಗ ಜಾರೋದು ನಿಂತಿತು, ಆದರೆ ಒಂದು ಕಾಲು ಒತ್ತಿದರೆ ಇನ್ನೊಂದು ಬದಿ ಎದ್ದು ನಿಲ್ಲುತ್ತಿತ್ತು. ಎರಡನೇದು ಸ್ವಲ್ಪ ಭಾರದ್ದು, 3,500 ಚಿಲ್ಲರೆ. ಅದರ ಪ್ಲಾಸ್ಟಿಕ್ ಪಟ್ಟಿ ಬಾತ ಪಾದಕ್ಕೆ ಸುತ್ತು ಬರಲೇ ಇಲ್ಲ. ಎಳೆದು ಹಾಕಿದರೆ ಚರ್ಮದ ಮೇಲೆ ಗುರುತು ಬೀಳುತ್ತಿತ್ತು. ಶುಗರ್ ಇರೋರ ಪಾದದಲ್ಲಿ ಅದು ಆಗಬಾರದು. ಕುರ್ಚಿಯಲ್ಲಿ ಕೂರಿಸಿ ನೆಲದ ಮೇಲಿಟ್ಟೂ ನೋಡಿದೆವು. ಬಿಪಿ ಬಿದ್ದರೆ ಕುರ್ಚಿಯಲ್ಲಿ ಥಟ್ಟನೆ ಕಾಲೆತ್ತಿ ಮಲಗಿಸೋಕಾಗಲ್ಲ. ಅದನ್ನೂ ಬಿಟ್ಟೆವು. ಬೆಡ್‌ಗೆ ಅಂತಲೇ ಮಾಡಿದ ವಿದೇಶಿ ಮಷಿನ್‌ಗೆ ಕೊಟೇಷನ್ ತರಿಸಿದೆ, ಲಕ್ಷದ ಮೇಲೆ ಹೇಳಿದರು.

ಕೊನೆಗೆ ಕೆಲಸ ಆದದ್ದು ವೆಲ್ಡಿಂಗ್ ಅಂಗಡಿಯಲ್ಲಿ. ಬೆಡ್ಡಿನ ಕಾಲ ಬದಿಯ ಕಂಬಿಗೆ ಸಿಕ್ಕಿಸುವ ಫ್ರೇಮ್, ಸ್ಕ್ವೇರ್ ಪೈಪಿನದ್ದು. ಪೆಡಲನ್ನ ಅದಕ್ಕೇ ಬೋಲ್ಟ್ ಮಾಡಿಸಿದೆ. ಕಂಬಿ ಹಿಡಿಯುವ ಜಾಗದಲ್ಲಿ ಹಳೆ ಟ್ಯೂಬಿನ ರಬ್ಬರ್. ಪಟ್ಟಿಯ ಬದಲು ಅಗಲವಾದ ಬಟ್ಟೆ ವೆಲ್ಕ್ರೋ. ಒಂದು ಪಿನ್ ಎಳೆದರೆ ಇಡೀ ಫ್ರೇಮ್ ಕೈಗೆ ಬರಬೇಕು, ಇದರಲ್ಲಿ ಮಾತ್ರ ರಾಜಿ ಬೇಡ. ಪೆಡಲ್ ಸೇರಿ ಒಂದು ಬೆಡ್‌ಗೆ 3,000 ಆಸುಪಾಸು ಬಿತ್ತು.

ಇನ್ನು ಹೊತ್ತು. ಮೊದಲ ಎರಡು ತಾಸಿನೊಳಗೇ ಮುಗಿಸಬೇಕು. ಸೂಜಿ ಹಾಕಿ ಅರ್ಧ ತಾಸು ಸುಮ್ನೆ ಬಿಡುತ್ತೇನೆ, ಬಿಪಿ ನೋಡುತ್ತೇನೆ, ಬೆನ್ನಿನ ಕಡೆ ಬೆಡ್ ಎತ್ತಿ ಆಮೇಲೆ ಶುರು. ಒಬ್ಬರು ತಡವಾಗಿ, ಮೂರನೇ ತಾಸಿನಲ್ಲಿ ತುಳಿದರು. ಅಷ್ಟೊತ್ತಿಗೆ ಮಷಿನ್ ಮೈಯಿಂದ ಎರಡು ಕಿಲೋ ನೀರು ಹೊರಗೆ ತೆಗೆದಿತ್ತು. ಬಿಪಿ 90ಕ್ಕೆ ಬಂತು, ಮೀನಖಂಡ ಸೆಟೆದುಕೊಂಡಿತು. ಅಂದಿನಿಂದ ಗಡಿಯಾರ ನೋಡಿಯೇ ಪೆಡಲ್. ಹೊಸಬರಿಗೆ ಐದು ನಿಮಿಷ, ವಾರ ವಾರ ಏರಿಸುತ್ತಾ ಅರ್ಧ ತಾಸಿನವರೆಗೆ. ಮಾತಾಡುತ್ತಾ ತುಳಿಯುವಷ್ಟೇ ವೇಗ. ಫಿಸ್ಟುಲಾ ಕೈ, ಅಂದರೆ ಸೂಜಿ ಹಾಕೋಕೆ ಅಂತ ಆಪರೇಷನ್ ಮಾಡಿ ರಕ್ತನಾಳ ಜೋಡಿಸಿದ ಕೈ, ಹಲಗೆ ಮೇಲೆ, ಅದರ ಮೇಲೆ ಚಾದರ ಇಲ್ಲ, ಸೂಜಿ ನನಗೆ ಸದಾ ಕಾಣಬೇಕು. ಬಿಪಿ ಇನ್ನೊಂದು ಕೈಯಲ್ಲಿ, ಕಾಲು ನಿಲ್ಲಿಸಿ ಅಳೀಬೇಕು. ತುಳಿಯುತ್ತಿರುವಾಗ ಅಳೆದರೆ ಮಷಿನ್ ಎರರ್ ತೋರಿಸುತ್ತದೆ.

ಡಾಕ್ಟರ್ ಬರೆದುಕೊಡದೆ ಯಾರಿಗೂ ಪೆಡಲ್ ಇಲ್ಲ. ತೊಡೆಯಲ್ಲಿ ಕ್ಯಾತಿಟರ್ (ಡಯಾಲಿಸಿಸ್‌ಗೆ ರಕ್ತನಾಳಕ್ಕೆ ಹಾಕಿದ ನಳಿಕೆ) ಇದ್ದರೆ ಇಲ್ಲವೇ ಇಲ್ಲ. ಎದೆನೋವು, ಜ್ವರ, ಉಸಿರಾಟದ ತೊಂದರೆ, ಕಡಿಮೆ ಶುಗರ್ ಇದ್ದ ದಿನವೂ ಇಲ್ಲ. ಬೇಸಿಗೆಯಲ್ಲಿ ನಮ್ಮ ಬಿಸಿಲಿಗೆ ನೀರು ಕುಡಿದು ನಾಲ್ಕು ಕಿಲೋ ಏರಿಸಿಕೊಂಡು ಬರುತ್ತಾರಲ್ಲ, ಅವತ್ತೂ ಇಲ್ಲ. ಇದರಿಂದ ಒಂದು ಲಾಭ ಆಯಿತು. ಪೆಡಲ್ ತಪ್ಪುತ್ತದೆ ಅಂತ ಕೆಲವರು ನೀರಿಗೇ ಲೆಕ್ಕ ಇಟ್ಟರು!

ಆಳಂದ ಕಡೆಯ ಕಾಕಾ ಒಬ್ಬರು ಮೊದಲ ದಿನ, "ರಕ್ತ ಹೊರಗ ತಿರಗ್ಲತ್ತದ, ಅದರಾಗ ಕಾಲು ಬ್ಯಾರೆ ತಿರಗಸು ಅಂತೀಯಲ್ಲೋ ತಮ್ಮಾ" ಅಂದಿದ್ದರು. ಮೊಂಡು ಹಿಡಿದವರನ್ನ ಒಪ್ಪಿಸೋಕೆ ನನ್ನದೊಂದು ಉಪಾಯ ಇದೆ. ಅದನ್ನ ಇಲ್ಲಿ ಬರೆಯಲ್ಲ, ಯೂನಿಟ್‌ಗೆ ಬಂದರೆ ತೋರಿಸುತ್ತೇನೆ. ಕಾಕಾ ಆಗ ಕುರ್ಚಿಯಿಂದ ಒಂದು ನಿಮಿಷಕ್ಕೆ ಹತ್ತು ಹನ್ನೊಂದು ಸಲ ಎದ್ದು ಕೂರುತ್ತಿದ್ದರು. ಐದಾರು ತಿಂಗಳಿಗೆ ಇಪ್ಪತ್ತರ ಹತ್ತಿರ ಬಂದರು. ಈಗ ಮಗನನ್ನ ಊರಲ್ಲೇ ಬಿಟ್ಟು ಒಬ್ಬರೇ ಬಸ್ಸಿಗೆ ಬರುತ್ತಾರೆ. ಮಗನ ಕೂಲಿಯೂ ಉಳಿಯಿತು, ಬಸ್ ಚಾರ್ಜೂ ಉಳಿಯಿತು.

ಜರ್ಮನಿಯಲ್ಲಿ ಸಾವಿರಕ್ಕೂ ಹೆಚ್ಚು ಪೇಷಂಟ್‌ಗಳನ್ನಿಟ್ಟುಕೊಂಡು ಡಯಾಲಿಸಿಸ್ ನಡೆಯುವಾಗಿನ ವ್ಯಾಯಾಮದ ಮೇಲೆ ಡಯಾಟಿಟಿ (DiaTT) ಅನ್ನೋ ಟ್ರಯಲ್ ನಡೆದಿತ್ತು, 2023ರಲ್ಲಿ ಫಲಿತಾಂಶ ಬಂತು. ಅವರೂ ಅಳೆದದ್ದು ಇದೇ, 60 ಸೆಕೆಂಡಿನಲ್ಲಿ ಎಷ್ಟು ಸಲ ಎದ್ದು ಕೂರುತ್ತಾರೆ ಅಂತ. ವರ್ಷದ ಕೊನೆಗೆ ವ್ಯಾಯಾಮ ಮಾಡಿದವರೇ ಮುಂದಿದ್ದರು. ಇದನ್ನ ತೋರಿಸಿದ ಮೇಲೆ ನಮ್ಮಲ್ಲಿ ಅನುಮಾನ ಪಡುತ್ತಿದ್ದವರ ದನಿ ತಗ್ಗಿತು. ರಕ್ತದ ರಿಪೋರ್ಟ್ ಬದಲಾಗುತ್ತೆ ಅಂತ ಮಾತ್ರ ಯಾರಿಗೂ ಆಸೆ ಹುಟ್ಟಿಸಬೇಡಿ. ನಮ್ಮಲ್ಲಿ ತಿಂಗಳ ಫಾಸ್ಫರಸ್ ಹೇಳಿಕೊಳ್ಳುವಷ್ಟು ಇಳಿದಿಲ್ಲ. ಬದಲಾದದ್ದು ಕಾಲು, ನಿದ್ದೆ, ಹಸಿವು.

ನಡುವೆ ಒಂದು ಬೇರೆ ಪ್ರಯೋಗ. ಪಾದಕ್ಕೆ ಕಟ್ಟುವ ತೂಕದ ಚೀಲ ಅಂಗಡಿಯಲ್ಲಿ ಜೋಡಿಗೆ 600 ಇತ್ತು. ಮರಳು ತುಂಬಿ ಹೊಲಿಸಿದರೆ ಬೆಡ್ ತುಂಬ ಮರಳು. ಆಮೇಲೆ ತೊಗರಿ ತುಂಬಿದೆ. ನಮ್ಮ ಊರಲ್ಲಿ ಅದಕ್ಕೇನು ಬರ! ಅರ್ಧ ಕಿಲೋ, ಒಂದು ಕಿಲೋ ಲೆಕ್ಕದಲ್ಲಿ, ಹೊರಗೆ ರೆಕ್ಸಿನ್ ಹೊದಿಕೆ, ಒರೆಸಿದರೆ ಸ್ವಚ್ಛ. ಮೊದಲ ಸಲದ ಕಾಳಿಗೆ ಹುಳು ಬಿತ್ತು, ಹುರಿದು ತುಂಬಿದ ಮೇಲೆ ಬಂದಿಲ್ಲ. ಪೆಡಲ್ ಒಗ್ಗದ ಅಜ್ಜಿಯರು ಮಲಗಿದಲ್ಲೇ ಇದನ್ನ ಕಟ್ಟಿಕೊಂಡು ಕಾಲೆತ್ತುತ್ತಾರೆ.

ಫ್ರೇಮ್ ಮಾಡಿಸುವವರು ಮೊದಲು ಬೆಡ್ಡಿನ ಕಂಬಿಯ ದಪ್ಪ ಅಳೆದುಕೊಂಡು ಹೋಗಿ. ಒಂದೇ ಯೂನಿಟ್‌ನಲ್ಲೂ ಎರಡು ಮೂರು ಥರದ ಬೆಡ್ ಇರುತ್ತವೆ. ಒಂದೇ ಮಾಡಿಸಿ, ತಿಂಗಳು ನೋಡಿ, ಆಮೇಲೆ ಉಳಿದದ್ದಕ್ಕೆ ಆರ್ಡರ್ ಕೊಡಿ.