ಮನೆಯಲ್ಲಿ ಮಾಡೆಲ್ ರೈಲು: ಹುಲ್ಲು, ಗುಡ್ಡ ಆಮೇಲೆ, ಮೊದಲು ಹಳಿ ನೋಡಿ

ಮನೆಯಲ್ಲಿ ಮಾಡೆಲ್ ರೈಲು ಕಟ್ಟುವವರು ಬಹುತೇಕ ಎಡವುವುದು ಒಂದೇ ಜಾಗದಲ್ಲಿ. ಹಳಿ ಜೋಡಿಸಿದ ಸಂಜೆ ರೈಲು ಚೆನ್ನಾಗಿಯೇ ಒಂದು ಸುತ್ತು ಹೊಡೆಯುತ್ತದೆ. ಮನೆಮಂದಿ ಚಪ್ಪಾಳೆ ತಟ್ಟುತ್ತಾರೆ. ಮರುದಿನವೇ ಜಲ್ಲಿ, ಹುಲ್ಲು, ಸ್ಟೇಷನ್ ಅಂತ ಕೆಲಸ ಶುರು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಎಂಜಿನ್ ಆಚೆ ಕಡೆಯ ತಿರುವಿನಲ್ಲಿ ನಿಂತು ಬಿಡುತ್ತದೆ. ಬೆರಳಲ್ಲಿ ತಳ್ಳಿದರೆ ಮಾತ್ರ ಮುಂದಕ್ಕೆ. ಎಲ್ಲರೂ ಎಂಜಿನ್ನಿಗೆ ಬೈಯುತ್ತಾರೆ. ತಪ್ಪು ಇರುವುದು ಹಳಿ ಜೋಡಿಸಿದ ರೀತಿಯಲ್ಲಿ, ಅದಕ್ಕೆ ಕರೆಂಟ್ ಕೊಟ್ಟ ರೀತಿಯಲ್ಲಿ. ಅಷ್ಟರಲ್ಲಿ ಎಲ್ಲದರ ಮೇಲೂ ಅಂಟು ಬಿದ್ದಿರುತ್ತದೆ.

ಹಂತ 1: ಸ್ಕೇಲ್

ಎಚ್‌ಒ ಸ್ಕೇಲ್ ತೆಗೆದುಕೊಳ್ಳಿ. ಅಳತೆ 1:87, ಅಂದರೆ ನಿಜವಾದ ರೈಲಿನ 87ರಲ್ಲಿ ಒಂದು ಪಾಲು. ಹಳಿಗಳ ನಡುವೆ 16.5 ಮಿ.ಮೀ. ಜಾಗ ತೀರಾ ಕಡಿಮೆ ಇದ್ದರೆ ಎನ್ ಸ್ಕೇಲ್ ಇದೆ (1:160, 9 ಮಿ.ಮೀ.). ಆದರೆ ಹೊಸಬರ ಕೈಗೆ ಅದು ಸಣ್ಣದು, ಸ್ವಲ್ಪ ಧೂಳು ಕೂತರೂ ನಿಲ್ಲುತ್ತದೆ. ನಮ್ಮ ಬ್ರಾಡ್‌ಗೇಜ್ 1676 ಮಿ.ಮೀ. ಇರುವುದರಿಂದ ಲೆಕ್ಕ ಹಾಕಿದರೆ ಎಚ್‌ಒದಲ್ಲಿ ಹಳಿಗಳ ಅಂತರ 19 ಮಿ.ಮೀ. ದಾಟಬೇಕು ಅಂತ ವಾದ ಮಾಡುವವರು ಸಿಗುತ್ತಾರೆ. ಲೆಕ್ಕ ಸರಿಯೇ. ಆದರೆ ಅಂಗಡಿಯಲ್ಲಿ ಸಿಗುವುದು ಯುರೋಪ್, ಅಮೆರಿಕದ 1435 ಮಿ.ಮೀ. ಗೇಜಿಗೆ ಹೊಂದುವ 16.5ರ ಹಳಿ. ಸುಮ್ನೆ ಅದರ ಮೇಲೇ ಓಡಿಸಿ.

ಹಂತ 2: ಹಲಗೆ

8x4 ಅಡಿಯ ಒಂದು ಪ್ಲೈವುಡ್, 12 ಮಿ.ಮೀ. ದಪ್ಪ. ಕೆಳಗೆ ಒಂದೂವರೆ ಅಡಿಗೊಂದು ರೀಪರ್ ಹೊಡೆಸಿ. ಹಲಗೆಯನ್ನು ಗೋಡೆಗೆ ಒತ್ತಿ ಇಡಬೇಡಿ. ಒಂದು ಕಡೆಯಿಂದ ಕೈ ಚಾಚಿದರೆ ಎರಡೂವರೆ ಅಡಿ ಸಿಕ್ಕರೆ ಹೆಚ್ಚು, ಆಚೆ ಬಿದ್ದ ರೈಲು ಡಬ್ಬಿ ಎತ್ತುವವರು ಯಾರು? ಹಳಿಯ ಕೆಳಗೆ ತೆಳ್ಳನೆಯ ಕಾರ್ಕ್ ಶೀಟ್ ಸಾಕು. ಥರ್ಮಾಕೋಲ್ ಮೇಲೆ ಮಾತ್ರ ಹಳಿ ಹಾಕಬೇಡಿ. ಅದರ ಬಿಳಿ ಕಾಳುಗಳು ಉದುರಿ ಎಂಜಿನ್ನಿನ ಗೇರ್‌ಗೆ ಸಿಕ್ಕಿಕೊಳ್ಳುತ್ತವೆ.

ಹಂತ 3: ನಕ್ಷೆ

ಪುಣೆಯ ಜೋಷಿ ಮಿನಿಯೇಚರ್ ರೈಲ್ವೆ ಮ್ಯೂಸಿಯಂ ನೋಡಿ ಬಂದವರಿಗೆಲ್ಲ ಮನೆಯಲ್ಲೂ ಹಾಗೇ ಕಟ್ಟುವ ಆಸೆ. ಮೊದಲ ಸಲಕ್ಕೆ ಅಂಡಾಕಾರದ ಒಂದು ಸುತ್ತು, ಎರಡು ಪಾಯಿಂಟ್ (ರೈಲನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಜಾಗ), ಸ್ಟೇಷನ್ನಿಗೊಂದು ಲೂಪ್ ಲೈನ್ (ಪಕ್ಕದ ಹಳಿ). ಇದಕ್ಕಿಂತ ಜಾಸ್ತಿ ಬೇಡ.

ತಿರುವು ಆದಷ್ಟು ಅಗಲ ಇರಲಿ. ನಮ್ಮ ರೈಲ್ವೆಯ ಹೊಸ ಮಾದರಿಯ ಎಲ್‌ಎಚ್‌ಬಿ ಕೋಚ್ ಸುಮಾರು 23.5 ಮೀಟರ್ ಉದ್ದ, ಅಂದರೆ ಎಚ್‌ಒದಲ್ಲಿ 27 ಸೆಂ.ಮೀ. ಇಷ್ಟುದ್ದದ ಡಬ್ಬಿಯನ್ನು ಅಂಗಡಿಯ ರೆಡಿ ಕಿಟ್‌ನಲ್ಲಿ ಬರುವ 36 ಸೆಂ.ಮೀ. ತ್ರಿಜ್ಯದ ತಿರುವಿನಲ್ಲಿ ಓಡಿಸಿದರೆ ಮೂಲೆಗೆ ಮೂಲೆ ತಾಗಿ ಹಳಿ ತಪ್ಪುತ್ತದೆ. ನಾಲ್ಕಡಿ ಹಲಗೆಯಲ್ಲಿ 22 ಇಂಚು, ಅಂದರೆ 56 ಸೆಂ.ಮೀ. ತ್ರಿಜ್ಯ ಕೂರುತ್ತದೆ. ಅಷ್ಟೇ ಇಡಿ. ಎಡ ತಿರುವು ಮುಗಿದ ಕೂಡಲೇ ಬಲ ತಿರುವು ಶುರುವಾಗಬಾರದು. ಮಧ್ಯೆ ಒಂದು ಡಬ್ಬಿಯಷ್ಟಾದರೂ ನೇರ ಹಳಿ ಬೇಕು.

ಮೇಲೊಂದು ಲೈನ್, ಕೆಳಗೊಂದು ಲೈನ್ ಅನ್ನುವ ಆಸೆ ಎಲ್ಲರಿಗೂ ಬರುತ್ತದೆ. ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯಲ್ಲಿ ಏರು 50ಕ್ಕೆ 1, ಅಂದರೆ 50 ಮೀಟರ್ ಹೋದರೆ 1 ಮೀಟರ್ ಎತ್ತರ. ಅಲ್ಲಿ ನಿಜವಾದ ಎಂಜಿನ್‌ಗಳಿಗೇ ಹಿಂದಿನಿಂದ ಇನ್ನೊಂದು ಎಂಜಿನ್ ತಳ್ಳಬೇಕಾಗುತ್ತದೆ. ಅದೇ ಏರು ಇಟ್ಟುಕೊಂಡರೂ ಒಂದು ರೈಲಿನ ಮೇಲೆ ಇನ್ನೊಂದು ದಾಟಲು 8 ಸೆಂ.ಮೀ. ಎತ್ತರ ಬೇಕು, ಅದಕ್ಕೆ 4 ಮೀಟರ್ ಹಳಿ. ಇಳಿಯಲು ಮತ್ತೆ 4 ಮೀಟರ್. ನಿಮ್ಮ ಇಡೀ ಸುತ್ತೇ ಸುಮಾರು 6 ಮೀಟರ್. ಆಗದ ಮಾತು ಬಿಡಿ.

ಹಂತ 4: ಹಳಿ ಕೂರಿಸುವುದು

ನಿಕಲ್ ಸಿಲ್ವರ್ ಹಳಿಯನ್ನೇ ಕೊಳ್ಳಿ. ಅಗ್ಗಕ್ಕೆ ಸಿಗುವ ಉಕ್ಕಿನ ಹಳಿ ತುಕ್ಕು ಹಿಡಿಯುತ್ತದೆ. ಮಂಗಳೂರು, ಕಾರವಾರದ ಹವೆಗೆ ಕೇಳುವುದೇ ಬೇಡ. ಹಿತ್ತಾಳೆಯದು ಬೇಗ ಕಪ್ಪಾಗಿ ಕರೆಂಟ್ ಕೊಡದ ಹಾಗೆ ಆಗುತ್ತದೆ.

ಬಗ್ಗಿಸಬಹುದಾದ ಮೂರಡಿ ಹಳಿ ಬಳಸುವವರು ತಿರುವಿನ ಮಧ್ಯೆ ಜೋಡಣೆ ಬಂದರೆ ಒಂದು ಕೆಲಸ ಮಾಡಿ. ಎರಡೂ ತುಂಡುಗಳನ್ನು ಮೇಜಿನ ಮೇಲೆ ನೇರವಾಗಿ ಇಟ್ಟು, ಫಿಶ್‌ಪ್ಲೇಟ್ (ಎರಡು ಹಳಿಗಳ ತುದಿ ಸೇರಿಸುವ ಲೋಹದ ಪಟ್ಟಿ) ಹಾಕಿ ಸೋಲ್ಡರ್‌ನಿಂದ (ಕರಗಿಸಿ ಹಚ್ಚುವ ಲೋಹ) ಬೆಸೆಯಿರಿ. ಆಮೇಲೆ ಒಟ್ಟಿಗೇ ಬಗ್ಗಿಸಿ. ಬಗ್ಗಿಸಿ ಆಮೇಲೆ ಜೋಡಿಸಿದರೆ ಹಳಿಯ ತುದಿಗಳು ನೆಟ್ಟಗಾಗಲು ನೋಡುತ್ತವೆ, ಜೋಡಣೆಯಲ್ಲಿ ಒಂದು ಮೊಣಕೈ ಏಳುತ್ತದೆ. ರೈಲು ಹಳಿ ತಪ್ಪುವುದು ಅಲ್ಲೇ.

ಎಲ್ಲ ಜೋಡಣೆಗಳನ್ನೂ ಬೆಸೆಯಬೇಡಿ. ಮಳೆಗಾಲಕ್ಕೂ ಬೇಸಿಗೆಗೂ ಹಲಗೆ ಹಿಗ್ಗಿ ಕುಗ್ಗುತ್ತದೆ. ನೇರ ಹಳಿಯ ಜೋಡಣೆಗಳಲ್ಲಿ ವಿಸಿಟಿಂಗ್ ಕಾರ್ಡ್ ದಪ್ಪದ ಸಂದು ಬಿಡಿ.

ಹಂತ 5: ಕರೆಂಟ್

ಇಲ್ಲಿ ನಿಧಾನವಾಗಿ ಓದಿ. ಕಿಟ್‌ನ ಜೊತೆ ಎರಡು ವೈರ್ ಬರುತ್ತವೆ. ಅವನ್ನು ಒಂದು ಜಾಗದಲ್ಲಿ ಸಿಕ್ಕಿಸಿದರೆ ಇಡೀ ಸುತ್ತಿಗೆ ಕರೆಂಟ್ ಹೋಗುತ್ತದೆ ಅಂತ ಡಬ್ಬದ ಮೇಲೆ ಬರೆದಿರುತ್ತಾರೆ. ಹೋಗುತ್ತದೆ, ಹೊಸದರಲ್ಲಿ. ಫಿಶ್‌ಪ್ಲೇಟ್ ಹಳಿಯನ್ನು ಬರೀ ತಾಗಿಕೊಂಡಿರುತ್ತದೆ. ಆ ಸಂದಿಗೆ ತೇವ, ಧೂಳು, ಅಂಟು ಸೇರಿದ ಮೇಲೆ ಒಂದೊಂದು ಜೋಡಣೆಯೂ ಅಷ್ಟಷ್ಟು ವೋಲ್ಟ್ ತಿನ್ನುತ್ತದೆ.

ಆದ್ದರಿಂದ ಹಲಗೆಯ ಕೆಳಗೆ ಸುತ್ತಲೂ ಎರಡು ದಪ್ಪ ವೈರ್ ಎಳೆಯಿರಿ. ಮನೆ ವೈರಿಂಗ್‌ಗೆ ಬಳಸುವ 1.5 ಚದರ ಮಿ.ಮೀ.ನ ಕೆಂಪು, ಕಪ್ಪು ವೈರ್ ಸಾಕು. ಹೊರಗಿನ ಹಳಿಗೆ ಕೆಂಪು, ಒಳಗಿನದಕ್ಕೆ ಕಪ್ಪು. ಸುತ್ತು ಮುಗಿಯುವವರೆಗೂ ಇದನ್ನು ಬದಲಿಸಬೇಡಿ. ಮೂರಡಿಗೊಂದು ಕಡೆ ಹಲಗೆಗೆ ತೂತು ಹಾಕಿ, ಗೇಣುದ್ದದ ತೆಳು ವೈರ್‌ಗಳಿಂದ ಎರಡೂ ಹಳಿಗಳನ್ನು ಕೆಳಗಿನ ವೈರ್‌ಗಳಿಗೆ ಸೇರಿಸಿ. ನಮ್ಮ ಸುತ್ತಿಗೆ ಇಂಥ ಏಳು ಜೋಡಿ ಬೇಕಾಗುತ್ತದೆ.

ಹಳಿಗೆ ವೈರ್ ಬೆಸೆಯುವುದಕ್ಕೆ ಎಲ್ಲರೂ 25 ವ್ಯಾಟ್‌ನ ಸೋಲ್ಡರಿಂಗ್ ಐರನ್ ತರುತ್ತಾರೆ, ಹಳಿಯ ಕೆಳಗಿನ ಅಡ್ಡಪಟ್ಟಿಗಳು, ಅಂದರೆ ಪ್ಲಾಸ್ಟಿಕ್ ಸ್ಲೀಪರ್ ಕರಗಬಾರದು ಅಂತ. ಆಗುವುದು ಉಲ್ಟಾ. ಸಣ್ಣ ಐರನ್ ಹಳಿಯನ್ನು ಬಿಸಿ ಮಾಡಲು ತುಂಬ ಹೊತ್ತು ತೆಗೆದುಕೊಳ್ಳುತ್ತದೆ. ಅಷ್ಟರಲ್ಲಿ ಬಿಸಿ ಹರಿದು ಅಕ್ಕಪಕ್ಕದ ನಾಲ್ಕು ಸ್ಲೀಪರ್ ಮೆತ್ತಗಾಗುತ್ತವೆ. 60 ವ್ಯಾಟ್‌ನದು ತನ್ನಿ, ಎರಡೇ ಸೆಕೆಂಡಿನಲ್ಲಿ ಕೆಲಸ ಮುಗಿಯುತ್ತದೆ.

ಬೆಸೆಯುವ ಜಾಗ ಹಳಿಯ ಹೊರಮೈ. ಒಳಮೈಯಲ್ಲಿ ಚಕ್ರದ ಅಂಚು ಓಡುತ್ತದೆ, ಅಲ್ಲಿ ಸೋಲ್ಡರ್‌ನ ಗಂಟು ಇದ್ದರೆ ಡಬ್ಬಿ ಎಗರುತ್ತದೆ. ಸಣ್ಣ ಅರದಿಂದ ಹೊರಮೈಯ ಅಕ್ಕಿಕಾಳಷ್ಟು ಜಾಗವನ್ನು ಹೊಳೆಯುವ ಹಾಗೆ ಉಜ್ಜಿ. ಸೋಲ್ಡರ್ ಹಿಡಿಯಲಿ ಅಂತ ಹಚ್ಚುವ ರೋಸಿನ್ ಫ್ಲಕ್ಸ್ ಮುಟ್ಟಿಸಿ. ಮೊದಲು ಹಳಿಗೆ ಒಂದು ಹನಿ ಸೋಲ್ಡರ್ ಹತ್ತಿಸಿ, ವೈರಿನ ತುದಿಗೂ ಹತ್ತಿಸಿ. ಎರಡೂ ಕಡೆ ಒದ್ದೆ ಹತ್ತಿ ಇಡಿ. ಈಗ ವೈರನ್ನು ಹಳಿಗೆ ಒತ್ತಿ ಐರನ್ ಮುಟ್ಟಿಸಿದರೆ ಎರಡೂ ಹನಿ ಒಂದಾಗುತ್ತವೆ. ಐರನ್ ತೆಗೆದ ಮೇಲೂ ವೈರನ್ನು ಅಲುಗಾಡಿಸದೆ ಹಿಡಿದಿರಿ. ತಣ್ಣಗಾದ ಮೇಲೆ ಎಳೆದು ನೋಡಿ, ಕಿತ್ತು ಬಂದರೆ ಈಗಲೇ ಬರಲಿ. ತಗಡಿನ ಕೆಲಸದವರು ಬಳಸುವ ಆಸಿಡ್ ಫ್ಲಕ್ಸ್ ಬೇಗ ಹಿಡಿಯುತ್ತದೆ ಅಂತ ಯಾರಾದರೂ ಹೇಳಿದರೆ ಕೇಳಬೇಡಿ, ಅದು ಹಳಿಯನ್ನೂ ವೈರನ್ನೂ ತಿನ್ನುತ್ತದೆ.

ಒಂದೊಂದು ಜೋಡಿ ಬೆಸೆದ ತಕ್ಷಣ ಮಲ್ಟಿಮೀಟರನ್ನು ಬೀಪ್ ಬರುವ ಕಡೆ ತಿರುಗಿಸಿ ಎರಡು ಹಳಿಗಳ ಮಧ್ಯೆ ಮುಟ್ಟಿಸಿ. ಬೀಪ್ ಬರಬಾರದು. ಬಂದರೆ ಈಗ ಬೆಸೆದದ್ದೇ ತಪ್ಪು. ಏಳೂ ಮುಗಿಸಿ ಆಮೇಲೆ ನೋಡಿದರೆ ಯಾವುದು ಅಂತ ಹುಡುಕುತ್ತಾ ಕೂರಬೇಕು.

ಕಂಟ್ರೋಲರ್, ಅಂದರೆ ಹಳಿಗೆ ಕರೆಂಟ್ ಕೊಟ್ಟು ರೈಲಿನ ವೇಗ ಬದಲಿಸುವ ಪೆಟ್ಟಿಗೆಯ ಬಗ್ಗೆ ಒಂದು ಮಾತು. ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಸಿಗುವ 12 ವೋಲ್ಟ್ ಮೋಟರ್ ಸ್ಪೀಡ್ ಕಂಟ್ರೋಲರ್‌ಗಳಲ್ಲಿ ರೈಲು ಓಡುತ್ತದೆ, ನಿಜ. ಆದರೆ ಅಗ್ಗದವುಗಳಲ್ಲಿ ಶಾರ್ಟ್ ಆದರೆ ತಡೆಯುವ ವ್ಯವಸ್ಥೆ ಇರುವುದಿಲ್ಲ. ಒಂದು ಡಬ್ಬಿ ಅಡ್ಡ ಬಿದ್ದರೆ ಶಾರ್ಟ್ ಆಯಿತು ಅಂತಲೇ ಲೆಕ್ಕ. 1 ಆಂಪಿಯರ್ ಫ್ಯೂಸ್ ಹಾಕದೆ ಓಡಿಸಬೇಡಿ.

ಹಂತ 6: ಪರೀಕ್ಷೆ

ಮೊದಲು ಉಗುರು. ಪ್ರತಿ ಜೋಡಣೆಯ ಮೇಲೂ ಒಳಬದಿಯಲ್ಲೂ ಉಗುರು ಎಳೆಯಿರಿ. ಉಗುರು ಸಿಕ್ಕಿಕೊಂಡರೆ ಚಕ್ರವೂ ಸಿಕ್ಕಿಕೊಳ್ಳುತ್ತದೆ. ಆಮೇಲೆ ಮೊಬೈಲ್ ಕ್ಯಾಮೆರಾವನ್ನು ಹಳಿಯ ಮಟ್ಟಕ್ಕೆ ಇಟ್ಟು ಉದ್ದಕ್ಕೂ ನೋಡಿ. ಮೇಲಿಂದ ಕಾಣದ ಸೊಟ್ಟ ಅಲ್ಲಿ ಕಾಣುತ್ತದೆ.

ಇನ್ನು ಕರೆಂಟ್. ಮಲ್ಟಿಮೀಟರ್ ಒಂದನ್ನೇ ನಂಬಬೇಡಿ. ಅದು ಕರೆಂಟ್ ಎಳೆಯುವುದೇ ಇಲ್ಲ ಅನ್ನಬಹುದು, ಕೆಟ್ಟ ಜೋಡಣೆಯಾದರೂ ಪೂರ್ತಿ 12 ವೋಲ್ಟ್ ತೋರಿಸುತ್ತದೆ. ಆಟೊಮೊಬೈಲ್ ಅಂಗಡಿಯಿಂದ 12 ವೋಲ್ಟ್, 5 ವ್ಯಾಟ್‌ನ ಪಾರ್ಕಿಂಗ್ ಬಲ್ಬ್ ತನ್ನಿ. ಅದು ಸುಮಾರು 0.4 ಆಂಪಿಯರ್ ಎಳೆಯುತ್ತದೆ, ಒಂದು ಎಂಜಿನ್ ಎಳೆಯುವ ಹಾಗೆ. ಬಲ್ಬನ್ನು ಹಳಿಗಳ ಮಧ್ಯೆ ಉರಿಸಿ, ಅದೇ ಜಾಗದಲ್ಲಿ ವೋಲ್ಟ್ ನೋಡಿ. ಕಂಟ್ರೋಲರ್ ಹತ್ತಿರ ಒಮ್ಮೆ, ತೀರಾ ದೂರದಲ್ಲಿ ಒಮ್ಮೆ. ವ್ಯತ್ಯಾಸ ಅರ್ಧ ವೋಲ್ಟ್ ಒಳಗಿದ್ದರೆ ಸರಿ. ಒಂದು ವೋಲ್ಟ್ ದಾಟಿದರೆ ಬಲ್ಬನ್ನು ಜೋಡಣೆಯಿಂದ ಜೋಡಣೆಗೆ ಸರಿಸುತ್ತಾ ಹೋಗಿ, ತಟ್ಟನೆ ವೋಲ್ಟ್ ಬೀಳುವ ಕಡೆ ನಿಮ್ಮ ಕಳ್ಳ ಸಿಗುತ್ತಾನೆ.

ಕೊನೆಗೆ ರೈಲು. ವೇಗವಾಗಿ ಓಡಿಸಿ ನೋಡುವುದು ಪರೀಕ್ಷೆಯಲ್ಲ, ವೇಗದಲ್ಲಿ ಎಂಜಿನ್ ಕೆಟ್ಟ ಜಾಗವನ್ನೂ ಹಾರಿಕೊಂಡು ದಾಟುತ್ತದೆ. ತೆವಳುವ ವೇಗದಲ್ಲಿ ಓಡಿಸಿ. ಆಮೇಲೆ ಪೂರ್ತಿ ರೈಲನ್ನು ರಿವರ್ಸ್‌ನಲ್ಲಿ ತಳ್ಳಿಸಿ, ಪಾಯಿಂಟ್‌ಗಳ ಎರಡೂ ದಾರಿಯಲ್ಲಿ. ಹಳಿ ತಪ್ಪಿದ ಕಡೆಯೆಲ್ಲ ಒಂದು ಬಿಂದಿ ಅಂಟಿಸಿ. ಎಲ್ಲ ಡಬ್ಬಿಗಳೂ ಒಂದೇ ಬಿಂದಿ ಹತ್ತಿರ ಬಿದ್ದರೆ ಹಳಿ ಸರಿ ಮಾಡಿ. ಒಂದೇ ಡಬ್ಬಿ ಎಲ್ಲ ಕಡೆ ಬಿದ್ದರೆ ಅದರ ಚಕ್ರಗಳ ಅಂತರ ಅಳೆಯಿರಿ.

ಹಳಿ ಕೊಳೆಯಾಗಿದೆ ಅಂತ ಮರಳುಕಾಗದ ಹಿಡಿದು ಹಳಿಯ ತಲೆ ಉಜ್ಜಬೇಡಿ. ಗೀರುಗಳಲ್ಲಿ ಕೊಳೆ ಇನ್ನೂ ಬೇಗ ಕೂರುತ್ತದೆ. ಬಟ್ಟೆಗೆ ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ಒರೆಸಿದರೆ ಆಯಿತು.

ಹಂತ 7: ಜಲ್ಲಿ

ಒಂದು ವಾರ ತಕರಾರಿಲ್ಲದೆ ಓಡಿದ ಮೇಲೆ ಸಣ್ಣ ಜಲ್ಲಿಪುಡಿ ಹರಡಿ, ಬಿಳಿ ಅಂಟಿಗೆ ಅಷ್ಟೇ ನೀರು, ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಬೆರೆಸಿ ಡ್ರಾಪರ್‌ನಲ್ಲಿ ಬಿಡಿ. ಪಾಯಿಂಟ್‌ನ ಅಲುಗಾಡುವ ಹಳಿಗಳ ಹತ್ತಿರ ಅಂಟು ಹೋಗದ ಹಾಗೆ ನೋಡಿಕೊಳ್ಳಿ. ಒಂದು ಇಡೀ ದಿನ ಒಣಗಲಿ, ಹಳಿಯ ತಲೆ ಒರೆಸಿ, ಬಲ್ಬಿನ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿ.